ಶಾಲೆ ಶುರುವಾಯ್ತು ಅಂತ ಮನೆಶಾಲೆಯವರು ಗಾಬರಿ ಬೀಳಬೇಕಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ಮುಗಿಯುತ್ತಾ ಬಂತು. ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ಶಾಲೆ ತೆರೆಯುವ ಕಡೆಗಳಲ್ಲೆಲ್ಲ ಈಗ ಬೀದಿ ತುಂಬ ಹೊಸ ಚೀಲ, ಹೊಸ ಬೂಟು. ಮಕ್ಕಳಿಗೆ ಮನೆಯಲ್ಲೇ ಕಲಿಸುವವರ ಮನೆಗಳಲ್ಲಿ ಈ ಹೊತ್ತಿಗೆ ಒಂದು ಗಾಬರಿ ಹುಟ್ಟಿಕೊಳ್ಳುತ್ತದೆ. ಎಲ್ಲರೂ ಶುರು ಮಾಡಿಬಿಟ್ಟರು, ನಾವೇ ಹಿಂದೆ ಬಿದ್ದೆವು ಅನ್ನುವ ಗಾಬರಿ. ಹೊಸದಾಗಿ ಹೋಮ್‌ಸ್ಕೂಲಿಂಗ್‌ಗೆ ಇಳಿದಿರುವ ಪರಿಚಯದ ತಾಯಂದಿರು ಮೊನ್ನೆ ನನ್ನನ್ನು ಇದನ್ನೇ ಕೇಳಿದರು. ಸೋಮವಾರದಿಂದ ಗಣಿತ, ವಿಜ್ಞಾನ, ಇಂಗ್ಲಿಷ್, ಕನ್ನಡ, ಇತಿಹಾಸ, ಸಂಗೀತ ಎಲ್ಲ ಶುರು ಮಾಡಬೇಕು ಅಂತಿದ್ದೇವೆ, ಒಂದು ವೇಳಾಪಟ್ಟಿ ಹಾಕಿಕೊಡಿ ಅಂತ. ಅವರಿಗೆ ಹೇಳಿದ್ದನ್ನೇ ನಿಮ್ಮ ಓದುಗರಿಗೂ ಹೇಳೋಣ ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಬೇಡ. ಎಲ್ಲವನ್ನೂ ಒಂದೇ ಸೋಮವಾರ ಶುರು ಮಾಡಬೇಡಿ. ಬೇಸಿಗೆ ಹೋಗಿ ಶರತ್ಕಾಲ ಬರುವ ಈ ಕೆಲವು ವಾರಗಳಲ್ಲಿ ಮಕ್ಕಳು ಕಣ್ಣಾರೆ ನೋಡಿ ಕಲಿಯುವುದು ವರ್ಷದಲ್ಲೇ ಜಾಸ್ತಿ. ಆ ವಾರಗಳನ್ನು ಪುಸ್ತಕದ ರಾಶಿಯ ಕೆಳಗೆ ಹೂತುಹಾಕಬೇಡಿ.

ನಮಗೆ ಇಬ್ಬರು ಮಕ್ಕಳು. ಮಗಳಿಗೆ ಹನ್ನೆರಡು, ಮಗನಿಗೆ ಎಂಟು. ನಾವಿರುವುದು ಚಳಿ ಗಟ್ಟಿಯಾಗಿ ಬೀಳುವ ಕಡೆ, ಮರಗಳು ಪೂರ್ತಿ ಎಲೆ ಉದುರಿಸಿ ಬೋಳಾಗಿ ನಿಲ್ಲುವ ಕಡೆ. ನಮ್ಮವರು ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾರೆ, ನಾನು ಅರ್ಧ ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಹಾಗಾಗಿ ದಿನವಿಡೀ ಮಕ್ಕಳ ಪಕ್ಕ ಕೂರುವ ಟೈಮ್ ನನಗಿಲ್ಲ. ಹೋಮ್‌ಸ್ಕೂಲಿಂಗ್ ಅಂದರೆ ತಾಯಿ ಬೆಳಿಗ್ಗೆಯಿಂದ ಸಂಜೆವರೆಗೆ ಕಪ್ಪು ಹಲಗೆ ಮುಂದೆ ನಿಂತಿರುತ್ತಾಳೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗೆ ನಿಂತರೆ ಅದು ಒಂದು ತಿಂಗಳೂ ನಡೆಯುವುದಿಲ್ಲ.

ಬೇಸಿಗೆಯಲ್ಲಿ ಮಕ್ಕಳ ದಿನಚರಿ ಸಡಿಲವಾಗಿರುತ್ತದೆ. ರಾತ್ರಿ ಒಂಬತ್ತಕ್ಕೂ ಆಕಾಶದಲ್ಲಿ ಬೆಳಕು ಉಳಿದಿದ್ದರೆ ಯಾವ ಮಗು ತಾನೇ ಮಲಗುತ್ತದೆ? ಬೆಳಿಗ್ಗೆ ಎದ್ದಾಗ ಎದ್ದರು, ಹೊಟ್ಟೆ ಹಸಿದಾಗ ಒಳಗೆ ಬಂದರು. ಅಂಥ ಮಕ್ಕಳನ್ನು ಒಂದೇ ದಿನದಲ್ಲಿ ಆರು ವಿಷಯದ ವೇಳಾಪಟ್ಟಿಗೆ ಕಟ್ಟಿದರೆ ಬುಧವಾರದ ಹೊತ್ತಿಗೆ ಅಳು, ಶುಕ್ರವಾರದ ಹೊತ್ತಿಗೆ ಜಗಳ. ನಮ್ಮ ಮನೆಯಲ್ಲಿ ಮೊದಲ ವಾರ ಸರಿ ಮಾಡುವುದು ಏಳುವ ಹೊತ್ತನ್ನು ಮಾತ್ರ. ಎದ್ದ ಮೇಲೆ ಒಂದಿಷ್ಟು ಗಣಿತ, ಆಮೇಲೆ ಯಾರಾದರೂ ಗಟ್ಟಿಯಾಗಿ ಓದುವುದು, ಅಷ್ಟೇ. ಅದು ತಂಟೆ ತಕರಾರಿಲ್ಲದೆ ನಡೆಯತೊಡಗಿದ ಮೇಲೆ ಇನ್ನೊಂದು ವಿಷಯ. ಅದೂ ಕೂತುಕೊಂಡ ಮೇಲೆ ಮತ್ತೊಂದು. ಅಕ್ಟೋಬರ್ ನಡುವಿಗೆ ಎಲ್ಲವೂ ತನ್ನ ಜಾಗಕ್ಕೆ ಬಂದಿರುತ್ತದೆ, ಯಾರಿಗೂ ಹೊರೆ ಅನ್ನಿಸಿರುವುದಿಲ್ಲ.

ಗಣಿತವನ್ನೇ ಮೊದಲು ಯಾಕೆ ಅಂತ ಕೇಳುತ್ತಾರೆ. ಬೇಸಿಗೆಯಲ್ಲಿ ಮಕ್ಕಳು ಕಥೆ ಓದುತ್ತಾರೆ, ಮಾತಾಡುತ್ತಾರೆ, ಚಿತ್ರ ಬಿಡಿಸುತ್ತಾರೆ. ಭಾಗಾಕಾರ ಮಾತ್ರ ಯಾರೂ ತಾವಾಗಿ ಮಾಡುವುದಿಲ್ಲ. ಕೈ ಜಡ್ಡು ಹಿಡಿದಿರುತ್ತದೆ. ಹೋದ ವರ್ಷ ಸರಾಗವಾಗಿ ಮಾಡಿದ ಭಿನ್ನರಾಶಿಯ ಲೆಕ್ಕ ಕೊಟ್ಟರೆ ಮಗಳು ಮುಖ ಮುಖ ನೋಡುತ್ತಾಳೆ. ಇಲ್ಲೇ ತಂದೆ ತಾಯಿಯರ ಎದೆ ಧಸಕ್ ಅನ್ನುವುದು. ಎಲ್ಲ ಮರೆತುಬಿಟ್ಟಳು, ಇಡೀ ವರ್ಷ ನೀರಲ್ಲಿ ಹೋಯ್ತು ಅಂತ. ಅದು ಹಾಗಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಅನ್ನುವವರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ದಿನಕ್ಕೆ ಎಷ್ಟು ಮರೆಯುತ್ತದೆ ಅಂತ ಅಳೆದು, 1885ರಲ್ಲೇ ಅದನ್ನು ಪ್ರಕಟಿಸಿದರು. ಕಲಿತದ್ದು ಮೊದಮೊದಲು ಬೇಗ ಮರೆಯುತ್ತದೆ, ಆಮೇಲೆ ಮರೆಯುವ ವೇಗ ಕಡಿಮೆಯಾಗುತ್ತದೆ. ಪೂರ್ತಿ ಮರೆತಂತೆ ಕಂಡದ್ದನ್ನೂ ಎರಡನೇ ಸಲ ಕಲಿಯೋಕೆ ಮೊದಲಿಗಿಂತ ಕಡಿಮೆ ಹೊತ್ತು ಸಾಕು. ಇದನ್ನು ನಾನು ಪ್ರತಿ ವರ್ಷ ಮನೆಯಲ್ಲೇ ನೋಡುತ್ತೇನೆ. ದಿನಾ ಸ್ವಲ್ಪ ಸ್ವಲ್ಪ ಹಳೆಯ ಲೆಕ್ಕ ಕೊಟ್ಟರೆ ಕೆಲವೇ ದಿನದಲ್ಲಿ ಕೈ ತಿರುಗುತ್ತದೆ. ಒಂದೇ ದಿನ ಎರಡು ಗಂಟೆ ಕೂರಿಸಿದರೆ ತಿರುಗುವುದಿಲ್ಲ. ಹೊಸ ಪಾಠಕ್ಕೆ ಹೋಗುವ ಮುಂಚೆ ಈ ಹಳೆಯ ಲೆಕ್ಕಗಳಿಗೆ ಎರಡು ವಾರ ಕೊಡಿ. ಅದು ದಂಡವಲ್ಲ.

ಉಳಿದ ಹೊತ್ತೆಲ್ಲ ನಾವು ಹೊರಗಿರುತ್ತೇವೆ.

ಎಲೆ ಬಣ್ಣ ಬದಲಾಯಿಸುವುದನ್ನೇ ತೆಗೆದುಕೊಳ್ಳಿ. ಪುಸ್ತಕದಲ್ಲಿ ಅರ್ಧ ಪುಟದ ಪಾಠ. ಹೊರಗೆ ತಿಂಗಳುಗಟ್ಟಲೆ ನಡೆಯುವ ಪಾಠ. ಎಲೆ ಹಸಿರಾಗಿ ಕಾಣುವುದು ಕ್ಲೋರೋಫಿಲ್‌ನಿಂದ, ಅಂದರೆ ಪತ್ರಹರಿತ್ತಿನಿಂದ. ಬೇಸಿಗೆಯಲ್ಲಿ ಮರ ಅದನ್ನು ಮಾಡುತ್ತಲೇ ಇರುತ್ತದೆ. ಹಗಲು ಚಿಕ್ಕದಾಗತೊಡಗಿದಾಗ, ರಾತ್ರಿ ತಂಪಾದಾಗ, ಮಾಡುವುದು ನಿಲ್ಲುತ್ತದೆ, ಇದ್ದದ್ದೂ ಒಡೆದುಹೋಗುತ್ತದೆ. ಮರ ಎಲೆಯಲ್ಲಿರುವ ಸಾರಜನಕದಂಥ ಬೆಲೆಬಾಳುವ ಸರಕನ್ನು ವಾಪಸ್ ಕೊಂಬೆಗೆ ಎಳೆದುಕೊಳ್ಳುತ್ತದೆ. ಹಸಿರು ಹೋದಾಗ ಕಾಣುವ ಹಳದಿ ಹೊಸದಾಗಿ ಬಂದದ್ದಲ್ಲ. ಕ್ಯಾರೊಟಿನಾಯ್ಡ್ ಅನ್ನುವ ಆ ಬಣ್ಣ ಮೊದಲಿಂದ ಎಲೆಯಲ್ಲೇ ಇತ್ತು, ಹಸಿರಿನ ಹಿಂದೆ ಅಡಗಿತ್ತು. ಕೆಂಪಿನ ಕತೆ ಬೇರೆ. ಆಂಥೋಸಯಾನಿನ್ ಅನ್ನುವ ಕೆಂಪು ಬಣ್ಣವನ್ನು ಎಷ್ಟೋ ಮರಗಳು ಸಾಯುತ್ತಿರುವ ಎಲೆಯೊಳಗೆ ಹೊಸದಾಗಿ ತಯಾರಿಸುತ್ತವೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹಿಮ ಕಟ್ಟದಷ್ಟು ತಂಪು ಇದ್ದ ವರ್ಷ ಕೆಂಪು ಜೋರಾಗಿ ಬರುತ್ತದೆ.

ಉದುರಿಹೋಗುವ ಎಲೆಗೆ ಮರ ಯಾಕೆ ಇಷ್ಟು ಖರ್ಚು ಮಾಡುತ್ತದೆ ಅಂತ ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಹಸಿರು ಕಳೆದುಕೊಂಡ ಎಲೆಯನ್ನು ಬಿಸಿಲಿನಿಂದ ಕಾಪಾಡಿ, ಒಳಗಿನ ಸರಕು ಎಳೆದುಕೊಳ್ಳೋಕೆ ಟೈಮ್ ಮಾಡಿಕೊಳ್ಳುತ್ತದೆ ಅಂತ ಕೆಲವು ವಿಜ್ಞಾನಿಗಳು, ಕೀಟಗಳಿಗೆ ಹತ್ತಿರ ಬರಬೇಡಿ ಅಂತ ತೋರಿಸೋಕೆ ಅಂತ ಇನ್ನು ಕೆಲವರು. ಇನ್ನೂ ತೀರ್ಮಾನವಾಗಿಲ್ಲ. ವಿಜ್ಞಾನದಲ್ಲಿ ಇನ್ನೂ ಬಗೆಹರಿಯದ ಪ್ರಶ್ನೆಗಳಿವೆ, ಅದರಲ್ಲೊಂದು ತನ್ನ ಕೈಯಲ್ಲಿರುವ ಎಲೆಯಲ್ಲೇ ಇದೆ ಅಂತ ತಿಳಿದಾಗ ಹನ್ನೆರಡು ವರ್ಷದ ಹುಡುಗಿಯ ಮುಖ ಹೇಗಾಗುತ್ತದೆ ಅಂತ ನೀವು ನೋಡಬೇಕು.

ಹಳದಿ ಮೊದಲೇ ಇತ್ತು ಅನ್ನುವುದನ್ನು ಮನೆಯಲ್ಲೇ ತೋರಿಸಬಹುದು. ಹಸಿರು ಎಲೆಗಳನ್ನು ಸಣ್ಣಗೆ ಹರಿದು ಗಾಜಿನ ಲೋಟದಲ್ಲಿ ಹಾಕಿ, ಚಮಚದಿಂದ ಚೆನ್ನಾಗಿ ಜಜ್ಜಿ, ಮುಳುಗುವಷ್ಟು ಗಾಯ ಒರೆಸುವ ಸ್ಪಿರಿಟ್ ಹಾಕಬೇಕು. ಬಾಯಿ ಮುಚ್ಚಿ, ಲೋಟವನ್ನು ಬಿಸಿನೀರಿನ ಬಟ್ಟಲಲ್ಲಿ ಅರ್ಧ ಗಂಟೆ ಇಟ್ಟರೆ ಸ್ಪಿರಿಟ್ ಕಡುಹಸಿರಾಗುತ್ತದೆ. ನೀರನ್ನು ಬೇರೆ ಕಡೆ ಬಿಸಿ ಮಾಡಿ ತನ್ನಿ, ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ, ಹತ್ತಿರದಲ್ಲಿ ಬೆಂಕಿ ಇರಲೇಬಾರದು, ಕಿಟಕಿ ತೆರೆದಿರಲಿ, ದೊಡ್ಡವರು ಪಕ್ಕದಲ್ಲೇ ಇರಿ. ಆಮೇಲೆ ಫಿಲ್ಟರ್ ಪೇಪರಿನ ಒಂದು ಉದ್ದನೆಯ ಪಟ್ಟಿಯನ್ನು ಪೆನ್ಸಿಲ್‌ಗೆ ಅಂಟಿಸಿ, ತುದಿ ಮಾತ್ರ ಅದರಲ್ಲಿ ಅದ್ದುವ ಹಾಗೆ ನೇತುಹಾಕಿ. ಒಂದೆರಡು ಗಂಟೆ ಬಿಟ್ಟು ನೋಡಿದರೆ ಕಾಗದದ ಮೇಲೆ ಹಸಿರು ಒಂದು ಕಡೆ, ಹಳದಿ ಒಂದು ಕಡೆ ಬೇರೆಬೇರೆಯಾಗಿ ನಿಂತಿರುತ್ತದೆ. ನಮ್ಮ ಮಗ ಆ ಒಂದೆರಡು ಗಂಟೆಯಲ್ಲಿ ಎಷ್ಟು ಸಲ ಓಡಿ ಬಂದು ಬಗ್ಗಿ ನೋಡಿದನೋ. ಹಳದಿ ಕಂಡಾಗ ಅವನು ಹೇಳಿದ್ದು ಇಷ್ಟು, "ಅಮ್ಮ, ಇದು ಸೆಪ್ಟೆಂಬರಿನ ಬಣ್ಣ, ಆಗಲೇ ಒಳಗೆ ಕೂತಿದೆ." ಅವನ ನೋಟ್‌ಬುಕ್ಕಿನಲ್ಲಿ ಆ ಕಾಗದ ಈಗಲೂ ಇದೆ, ಬಣ್ಣ ಸ್ವಲ್ಪ ಮಾಸಿದೆ. ಅದೇ ಪುಟದಲ್ಲಿ ಅವನೇ ಬರೆದ ನಾಲ್ಕು ಸಾಲು, ಒತ್ತಕ್ಷರ ಎರಡು ಕಡೆ ತಪ್ಪು. ನಾನು ಅಲ್ಲಿ ಕೆಂಪು ಪೆನ್ ಹಿಡಿಯಲಿಲ್ಲ. ಮಾರನೆಯ ದಿನ ಕನ್ನಡದ ಹೊತ್ತಿನಲ್ಲಿ ಆ ಎರಡು ಒತ್ತಕ್ಷರಗಳನ್ನೇ ಬೇರೆ ಪದಗಳಲ್ಲಿ ಬರೆಸಿದೆ.

ಇದು ಯಾವ ವಿಷಯ ಅಂತ ಕೇಳಿದರೆ ಏನು ಹೇಳೋದು? ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಬರವಣಿಗೆ, ತಾಳ್ಮೆ ಎಲ್ಲ ಇದೆ. ವೇಳಾಪಟ್ಟಿಯ ಯಾವ ಚೌಕದಲ್ಲೂ ಇದು ಪೂರ್ತಿ ಹಿಡಿಸುವುದಿಲ್ಲ.

ಇನ್ನೊಂದು ಪಾಠ ನೆರಳಿನದು. ಸೆಪ್ಟೆಂಬರ್ 22 ಅಥವಾ 23ರಂದು ಸೂರ್ಯ ಭೂಮಿಯ ಸಮಭಾಜಕ ವೃತ್ತದ ನೇರ ಮೇಲೆ ಬರುತ್ತಾನೆ. ಅವತ್ತು ಹಗಲು ರಾತ್ರಿ ಸರಿಸಮ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಪಂಚಾಂಗದಲ್ಲೋ ಪತ್ರಿಕೆಯಲ್ಲೋ ಸೂರ್ಯೋದಯ, ಸೂರ್ಯಾಸ್ತದ ಹೊತ್ತು ತೆಗೆದು ಕಳೆದು ನೋಡಿದರೆ ಹಗಲು ಕೆಲವು ನಿಮಿಷ ಜಾಸ್ತಿಯೇ ಇರುತ್ತದೆ. ಸೂರ್ಯನ ಮೇಲಂಚು ಕಂಡ ಕೂಡಲೇ ಉದಯ ಅಂತ ಲೆಕ್ಕ, ಜೊತೆಗೆ ಗಾಳಿಯ ಪದರ ಬೆಳಕನ್ನು ಬಗ್ಗಿಸಿ ಸೂರ್ಯ ಇನ್ನೂ ಕೆಳಗಿದ್ದಾಗಲೇ ತೋರಿಸಿಬಿಡುತ್ತದೆ. ಮಗಳು ಇದನ್ನು ಕಳೆಯುವ ಲೆಕ್ಕ ಮಾಡಿ ತಾನೇ ಕಂಡುಹಿಡಿದು, ಪುಸ್ತಕದಲ್ಲಿ ತಪ್ಪು ಬರೆದಿದ್ದಾರೆ ಅಂತ ನನ್ನ ಹತ್ತಿರ ಬಂದಳು. ಪುಸ್ತಕ ಹೇಳಿದ್ದನ್ನು ಮಗು ಪರೀಕ್ಷೆ ಮಾಡಿ ನೋಡಿತಲ್ಲ, ನನಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಇಲ್ಲ.

ಆವತ್ತು ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸುತ್ತೇವೆ. ನೆರಳಿನ ತುದಿ ಎಲ್ಲಿದೆಯೋ ಅಲ್ಲೊಂದು ಕಲ್ಲು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಲ್ಲು. ಸಂಜೆ ಹೊತ್ತಿಗೆ ಕಲ್ಲುಗಳೆಲ್ಲ ಪಡುವಣದಿಂದ ಮೂಡಣಕ್ಕೆ ನೇರ ಸಾಲಾಗಿ ನಿಂತಿರುತ್ತವೆ. ಬೇಸಿಗೆಯಲ್ಲೋ ಚಳಿಗಾಲದಲ್ಲೋ ಹೀಗೆ ಮಾಡಿದರೆ ಸಾಲು ಬಾಗುತ್ತದೆ. ಹಗಲು ರಾತ್ರಿ ಸಮ ಇರುವ ಹೊತ್ತಿನಲ್ಲಿ ಮಾತ್ರ ನೇರ. ಆವತ್ತಿನ ಅತಿ ಚಿಕ್ಕ ನೆರಳನ್ನು ಅಳೆದರೆ ನಾವು ಭೂಮಿಯ ಮೇಲೆ ಎಷ್ಟು ಉತ್ತರಕ್ಕಿದ್ದೇವೆ ಅಂತಲೂ ಗೊತ್ತಾಗುತ್ತದೆ. ಕಾಗದದ ಮೇಲೆ ಕೋಲನ್ನೂ ನೆರಳನ್ನೂ ಅಳತೆಗೆ ಇಳಿಸಿ ತ್ರಿಕೋನ ಬರೆದು, ಕೋಲಿನ ತುದಿಯಲ್ಲಿ ಕೋನಮಾಪಕ ಇಟ್ಟು ಓದಿದರೆ ಬರುವುದೇ ಅಕ್ಷಾಂಶ. ಒಂದು ಮೀಟರ್ ಕೋಲಿಗೆ ನೆರಳೂ ಒಂದು ಮೀಟರ್ ಇದ್ದರೆ 45 ಡಿಗ್ರಿ. 84 ಸೆಂಟಿಮೀಟರ್ ಇದ್ದರೆ ಸುಮಾರು 40. ಒಂದು ಎಚ್ಚರ, ಅತಿ ಚಿಕ್ಕ ನೆರಳು ಗಡಿಯಾರದ ಹನ್ನೆರಡು ಗಂಟೆಗೇ ಬೀಳಬೇಕು ಅಂತಿಲ್ಲ. ಗಡಿಯಾರ ಒಂದು ಗಂಟೆ ಮುಂದಿಡುವ ನಾಡುಗಳಲ್ಲಂತೂ ಅದು ಒಂದರ ಆಸುಪಾಸು ಬೀಳುತ್ತದೆ. ಅದಕ್ಕೇ ಆ ಹೊತ್ತಿನಲ್ಲಿ ಕಲ್ಲುಗಳನ್ನು ಹತ್ತಿರ ಹತ್ತಿರ ಇಡಬೇಕು.

ಚಿಕ್ಕವನ ಪ್ರಶ್ನೆ ಬೇರೆ. ಚಳಿ ಬರೋದು ಸೂರ್ಯ ದೂರ ಹೋಗ್ತಾನಲ್ಲ ಅದಕ್ಕಾ ಅಂತ. ದೊಡ್ಡವರಲ್ಲೂ ತುಂಬ ಜನ ಹಾಗೇ ನಂಬಿದ್ದಾರೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಇರುವುದು ಜುಲೈ ಮೊದಲಲ್ಲಿ, ಸುಮಾರು 15.2 ಕೋಟಿ. ಅಂದರೆ ಉತ್ತರದವರು ನಡುಗುವಾಗ ಸೂರ್ಯ ಹತ್ತಿರ, ಬೆವರುವಾಗ ದೂರ. ಎಲ್ಲ ಭೂಮಿ 23.4 ಡಿಗ್ರಿ ವಾಲಿಕೊಂಡಿರುವುದರ ಆಟ. ಇದನ್ನು ಬಾಯಲ್ಲಿ ಹೇಳಿದರೆ ಎಂಟು ವರ್ಷದವನಿಗೆ ಹತ್ತುವುದಿಲ್ಲ. ಕತ್ತಲೆ ಕೋಣೆಯಲ್ಲಿ ಗೋಡೆಗೆ ಟಾರ್ಚ್ ನೇರ ಹಿಡಿ ಅಂದೆ, ಚಿಕ್ಕ ಗುಂಡನೆಯ ಬೆಳಕು, ಕಣ್ಣು ಕುಕ್ಕುವಷ್ಟು. ಓರೆಯಾಗಿ ಹಿಡಿ ಅಂದೆ, ಅದೇ ಬೆಳಕು ಉದ್ದಕ್ಕೆ ಹರಡಿ ಮಂಕಾಯಿತು. "ಓ, ಅದೇ ಬೆಳಕು ಜಾಸ್ತಿ ಜಾಗಕ್ಕೆ ಹಂಚಿಹೋಯ್ತು" ಅಂದ. ಮುಗೀತು, ಇನ್ನು ಅವನು ಅದನ್ನು ಮರೆಯುವುದಿಲ್ಲ.

ಹಕ್ಕಿಗಳ ಬಗ್ಗೆ ಹೇಳುತ್ತಾ ಹೋದರೆ ನಿಮ್ಮ ಪುಟ ಸಾಲದು. ಹೆಬ್ಬಾತುಗಳು ವಿ ಆಕಾರದಲ್ಲಿ ಹೋಗುವುದನ್ನು ನೋಡೋಕೆ ತಲೆ ಎತ್ತಿದರೆ ಸಾಕು. ಮುಂದಿನ ಹಕ್ಕಿಯ ರೆಕ್ಕೆಯಿಂದ ಏಳುವ ಗಾಳಿ ಹಿಂದಿನದಕ್ಕೆ ಆಸರೆಯಾಗುತ್ತದೆ. ಐಬಿಸ್ ಹಕ್ಕಿಗಳ ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ ಅಳೆದು ನೋಡಿದ್ದಾರೆ, 2014ರಲ್ಲಿ ಅದು ಪ್ರಕಟವಾಯಿತು. ಹಿಂದಿನ ಹಕ್ಕಿ ರೆಕ್ಕೆ ಬಡಿಯುವ ಹೊತ್ತನ್ನೂ ಮುಂದಿನದಕ್ಕೆ ಹೊಂದಿಸಿಕೊಳ್ಳುತ್ತದಂತೆ.

ಇಷ್ಟೆಲ್ಲ ಹೇಳಿದ ಮೇಲೆ ಕಾನೂನಿನ ಮಾತೂ ಹೇಳಬೇಕು, ಯಾಕೆಂದರೆ ನಿಧಾನ ಅಂದರೆ ಕಾಗದಪತ್ರದಲ್ಲೂ ನಿಧಾನ ಅಂತಲ್ಲ. ಹೋಮ್‌ಸ್ಕೂಲಿಂಗ್ ನಿಯಮ ಒಂದೊಂದು ಕಡೆ ಒಂದೊಂದು ಥರ. ಜರ್ಮನಿಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಲೇಬೇಕು. ಸ್ವೀಡನ್‌ನಲ್ಲಿ ತೀರಾ ವಿಶೇಷ ಕಾರಣ ಇದ್ದರೆ ಮಾತ್ರ ಬಿಡುತ್ತಾರೆ. ಫ್ರಾನ್ಸ್‌ನಲ್ಲಿ ಮೊದಲು ತಿಳಿಸಿದರೆ ಸಾಕಿತ್ತು, 2022ರ ಸೆಪ್ಟೆಂಬರ್‌ನಿಂದ ಅನುಮತಿಯೇ ಬೇಕು. ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆ ಮಗುವಿಗೆ ತಕ್ಕ ಶಿಕ್ಷಣ ಶಾಲೆಯಲ್ಲಿ ಇಲ್ಲವೇ ಬೇರೆ ರೀತಿಯಲ್ಲಿ ಸಿಗಬೇಕು ಅನ್ನುತ್ತದೆ. ಅಮೆರಿಕದ 50 ರಾಜ್ಯಗಳಲ್ಲೂ ಇದಕ್ಕೆ ಅವಕಾಶ ಇದೆ, ಆದರೆ ಟೆಕ್ಸಾಸ್‌ನಲ್ಲಿ ಯಾರಿಗೂ ಮುಂಚೆ ತಿಳಿಸಬೇಕಿಲ್ಲ, ನ್ಯೂಯಾರ್ಕ್‌ನಲ್ಲಿ ವರ್ಷಕ್ಕೆ ನಾಲ್ಕು ವರದಿ ಕೊಡಬೇಕು, ಆರನೇ ತರಗತಿವರೆಗೆ 900 ಗಂಟೆ, ಅದಕ್ಕೆ ಮೇಲೆ 990 ಗಂಟೆ ಕಲಿಸಿದ ಲೆಕ್ಕ ಇಡಬೇಕು. ಭಾರತದಲ್ಲಿ ಮನೆಯಲ್ಲೇ ಕಲಿತವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿಯ ಪರೀಕ್ಷೆ ಬರೆಯಬಹುದು, 14 ವರ್ಷ ತುಂಬಿರಬೇಕು. ನೀವು ಎಲ್ಲೇ ಇರಿ, ನಿಮ್ಮ ಕಡೆಯ ನಿಯಮವನ್ನು ನೀವೇ ಓದಿ. ಯಾರೋ ಹೇಳಿದರು ಅಂತ ಬಿಡಬೇಡಿ. ಅರ್ಜಿ, ನೋಟಿಸ್ ಕೊಡುವ ಕೊನೆಯ ದಿನ ಎಷ್ಟೋ ಕಡೆ ಬೇಸಿಗೆಯಲ್ಲೇ ಮುಗಿದುಹೋಗುತ್ತದೆ.

ಲೆಕ್ಕ ಇಡುವುದು ಕಷ್ಟವೇನಲ್ಲ. ನಾನು ಒಂದು ದಪ್ಪ ನೋಟ್‌ಬುಕ್ ಇಟ್ಟಿದ್ದೇನೆ. ರಾತ್ರಿ ಮಲಗುವ ಮುಂಚೆ ಆವತ್ತು ನಡೆದದ್ದನ್ನು ನಾಲ್ಕೈದು ಸಾಲಲ್ಲಿ ಬರೆಯುತ್ತೇನೆ. ಯಾವ ಲೆಕ್ಕ ಮಾಡಿದರು, ಯಾವ ಪುಟ ಓದಿದರು, ಏನು ಕೇಳಿದರು. ಕೊನೆಯದೇ ಮುಖ್ಯ. ಮಕ್ಕಳು ಕೇಳಿದ ಪ್ರಶ್ನೆಗಳನ್ನು ಬರೆದಿಟ್ಟರೆ ಮುಂದಿನ ತಿಂಗಳು ಏನು ಕಲಿಸಬೇಕು ಅಂತ ಯೋಚಿಸುವ ತೊಂದರೆಯೇ ಇಲ್ಲ. ಫೋಟೋ ತೆಗೆದು ತಾರೀಕು ಹಾಕಿಡಿ, ಮಕ್ಕಳು ಬರೆದ ಹಾಳೆಗಳನ್ನು ಒಂದು ಫೈಲಿಗೆ ಸೇರಿಸುತ್ತಾ ಹೋಗಿ. ನಾಳೆ ಯಾರಾದರೂ ಕೇಳಿದರೆ ತೋರಿಸೋಕೆ ಇರುತ್ತದೆ. ಮಕ್ಕಳಿಗೂ ತಾವು ಎಲ್ಲಿಂದ ಎಲ್ಲಿಗೆ ಬಂದೆವು ಅಂತ ಕಾಣುತ್ತದೆ.

ಶಾಲೆ ಬಿಡಿಸಿ ಈಗಷ್ಟೇ ಮನೆಗೆ ಕರೆತಂದವರು ಇನ್ನೂ ಹೆಚ್ಚು ತಾಳ್ಮೆ ಇಟ್ಟುಕೊಳ್ಳಬೇಕು. ಗಂಟೆ ಹೊಡೆದಾಗ ಏಳು, ಹೇಳಿದಾಗ ಬರೆ ಅನ್ನುವುದಕ್ಕೆ ಒಗ್ಗಿಹೋದ ಮಗು ಮನೆಯಲ್ಲಿ ಮೊದಮೊದಲು ಏನೂ ಮಾಡದೆ ಸುಮ್ನೆ ಕೂರುತ್ತದೆ. ಬೇಜಾರು ಅನ್ನುತ್ತದೆ. ಆ ಬೇಜಾರಿಗೆ ತಕ್ಷಣ ಮೊಬೈಲ್ ಕೊಡಬೇಡಿ, ವರ್ಕ್‌ಶೀಟೂ ಕೊಡಬೇಡಿ. ಸ್ವಲ್ಪ ದಿನ ಬಿಟ್ಟರೆ ತಾನಾಗಿ ಏನನ್ನಾದರೂ ಹಿಡಿದುಕೊಂಡು ಬರುತ್ತದೆ. ಅಮೆರಿಕದ ಜನಗಣತಿ ಇಲಾಖೆಯ ಸಮೀಕ್ಷೆ ಪ್ರಕಾರ, ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಹೋಮ್‌ಸ್ಕೂಲಿಂಗ್ ಮಾಡುವವರು 2020ರ ವಸಂತದಲ್ಲಿ ಶೇ. 5.4 ಇದ್ದರು, ಅದೇ ವರ್ಷದ ಶರತ್ಕಾಲದ ಹೊತ್ತಿಗೆ ಶೇ. 11.1 ಆದರು. ಸಾಂಕ್ರಾಮಿಕದ ವರ್ಷ ಅದು. ಒಂದೇ ಬೇಸಿಗೆ ಕಳೆಯುವಷ್ಟರಲ್ಲಿ ಅಷ್ಟು ಮನೆಗಳು ಮೊದಲ ಸಲ ಈ ಕೆಲಸ ಕೈಗೆ ತೆಗೆದುಕೊಂಡವು. ಪಕ್ಕದ ಮನೆಯಲ್ಲೋ ಎದುರು ಮನೆಯಲ್ಲೋ ಇದನ್ನು ಮಾಡಿದವರು ಇಲ್ಲದೆ, ಯಾರನ್ನು ಕೇಳಬೇಕು ಅಂತಲೂ ತೋಚದೆ, ಎಷ್ಟು ತಂದೆ ತಾಯಂದಿರು ರಾತ್ರಿ ನಿದ್ದೆಗೆಟ್ಟಿರಬೇಕು ಅಂತ ನನಗೆ ಅನ್ನಿಸುತ್ತದೆ. ಅಂಥವರಿಗೆ ಒಬ್ಬರಾದರೂ ಮೊದಲೇ "ನಿಧಾನಕ್ಕೆ ಮಾಡಿ, ಏನೂ ಆಗಲ್ಲ" ಅಂತ ಹೇಳಬೇಕು.

ಈ ಹೊತ್ತಿನಲ್ಲಿ ನಿಜವಾಗಿ ನೋವು ಕೊಡುವ ವಿಷಯ ಒಂದಿದೆ, ಅದನ್ನು ಮುಚ್ಚಿಡಬಾರದು. ಬೇಸಿಗೆಯುದ್ದಕ್ಕೂ ಬೀದಿಯಲ್ಲಿ ಒಟ್ಟಿಗೆ ಆಡಿದ ಮಕ್ಕಳೆಲ್ಲ ಒಂದು ಬೆಳಿಗ್ಗೆ ಶಾಲೆ ಬಸ್ ಹತ್ತಿ ಹೋಗುತ್ತಾರೆ. ಆಟದ ಬಯಲು ಖಾಲಿ. ನಮ್ಮ ಚಿಕ್ಕವನು ಚೆಂಡು ಹಿಡಿದುಕೊಂಡು ಹೋಗಿ, ಅರ್ಧ ಗಂಟೆ ಒಬ್ಬನೇ ಗೋಡೆಗೆ ಹೊಡೆದು, ವಾಪಸ್ ಬಂದು ಚೆಂಡನ್ನು ಬಾಗಿಲ ಹಿಂದೆ ಇಟ್ಟ. ಏನೂ ಹೇಳಲಿಲ್ಲ. ಹೋಮ್‌ಸ್ಕೂಲಿಂಗ್ ಮಕ್ಕಳಿಗೆ ಗೆಳೆಯರೇ ಇರುವುದಿಲ್ಲ ಅನ್ನುವುದು ಸುಳ್ಳು, ಆದರೆ ಗೆಳೆಯರು ತಾವಾಗಿ ಬಂದು ಸೇರುತ್ತಾರೆ ಅನ್ನುವುದೂ ಸುಳ್ಳು. ಅದಕ್ಕೆ ದೊಡ್ಡವರು ಓಡಾಡಬೇಕು. ಬಸ್ ವಾಪಸ್ ಬರುವ ಹೊತ್ತಿಗೆ ನಮ್ಮ ಮಕ್ಕಳ ಕೆಲಸ ಮುಗಿದಿರುವ ಹಾಗೆ ನೋಡಿಕೊಳ್ಳುತ್ತೇನೆ, ಸಂಜೆ ಹೊತ್ತು ಯಾವ ಪಾಠವನ್ನೂ ಇಡುವುದಿಲ್ಲ. ಬೇರೆ ಮನೆಶಾಲೆಯ ಮಕ್ಕಳ ಜೊತೆ ವಾರಕ್ಕೊಮ್ಮೆ ಹೊರಗೆ ಸೇರುವ ದಿನ ಗೊತ್ತು ಮಾಡಿಕೊಂಡಿದ್ದೇವೆ, ಮಳೆ ಬಂದರೂ ತಪ್ಪಿಸುವುದಿಲ್ಲ. ಈ ಋತುವಿನಲ್ಲಿ ವೇಳಾಪಟ್ಟಿಯಲ್ಲಿ ಮೊದಲು ಬರೆಯಬೇಕಾದ ಗೆರೆ ಇದೇ ಅಂತ ನಾನು ಹೇಳುವುದು. ಗಣಿತಕ್ಕಿಂತ ಮೊದಲು.

ಇನ್ನು ನೆಂಟರಿಷ್ಟರಲ್ಲಿ ಒಂದು ಕೋರಿಕೆ. ಶಾಲೆ ಶುರುವಾಗುವ ಹೊತ್ತಿಗೆ ಫೋನ್ ಮಾಡುವವರೆಲ್ಲ ನಮ್ಮ ಮಕ್ಕಳನ್ನು ಪರೀಕ್ಷೆ ಮಾಡುತ್ತಾರೆ. ಹದಿನೇಳರ ಮಗ್ಗಿ ಹೇಳು ನೋಡೋಣ, ಆ ದೇಶದ ರಾಜಧಾನಿ ಯಾವುದು ಹೇಳು ನೋಡೋಣ ಅಂತ. ಪ್ರೀತಿಯಿಂದಲೇ ಕೇಳುತ್ತೀರಿ, ಗೊತ್ತು. ಆದರೆ ಶಾಲೆಗೆ ಹೋಗುವ ಮಕ್ಕಳಿಗೆ ನೀವು ಹೀಗೆ ಕೇಳುವುದಿಲ್ಲ ಅಲ್ವಾ? ಅವರಿಗೆ "ಹೇಗಿದ್ದೀಯ ಕಂದ" ಅಂತೀರಿ. ನಮ್ಮವರಿಗೂ ಅಷ್ಟೇ ಕೇಳಿ. ಇಲ್ಲವೇ, ಈಚೆಗೆ ಏನು ನೋಡಿದೆ ಅಂತ ಕೇಳಿ. ಆಗ ನೋಡಿ, ನೆರಳಿನ ಕೋಲಿನಿಂದ ಶುರುವಾಗಿ ಹೆಬ್ಬಾತಿನ ತನಕ ಮಾತು ನಿಲ್ಲುವುದೇ ಇಲ್ಲ. ಅಜ್ಜ ಅಜ್ಜಿಯರಿಗಂತೂ ಇದನ್ನು ಕೈಮುಗಿದು ಹೇಳುತ್ತೇನೆ. ಮೊಮ್ಮಗುವಿಗೆ ನಿಮ್ಮಿಂದ ಬೇಕಾದದ್ದು ಕಥೆ, ಹಳೆಯ ಹಾಡು, ನಿಮ್ಮ ಕಾಲದ ನೆನಪು. ಪರೀಕ್ಷೆ ಮಾಡೋಕೆ ಮುಂದೆ ಬೇಕಾದಷ್ಟು ಜನ ಬರುತ್ತಾರೆ.

ಗ್ರಂಥಾಲಯ ನಡೆಸುವವರಲ್ಲೂ ಒಂದು ಮಾತು. ಶಾಲೆ ತೆರೆದ ಮೇಲೆ ಮಕ್ಕಳ ಕಾರ್ಯಕ್ರಮಗಳೆಲ್ಲ ಸಂಜೆಗೂ ವಾರದ ಕೊನೆಗೂ ಹೋಗಿಬಿಡುತ್ತವೆ. ವಾರದ ದಿನ ಬೆಳಿಗ್ಗೆ ಮಕ್ಕಳ ವಿಭಾಗ ಖಾಲಿ ಇರುತ್ತದೆ, ನಾವು ಹೋಗಿ ಕೂತರೆ ಶಾಲೆ ಬಿಟ್ಟು ಬಂದಿದ್ದಾರಾ ಅನ್ನುವ ಹಾಗೆ ನೋಡುತ್ತಾರೆ. ಆ ಬೆಳಗಿನ ಹೊತ್ತಿನಲ್ಲಿ ಒಂದು ಕಥೆ ಓದುವ ಕಾರ್ಯಕ್ರಮವನ್ನೋ, ಒಂದು ಸೂಕ್ಷ್ಮದರ್ಶಕ ಇಟ್ಟ ಮೇಜನ್ನೋ ಮಾಡಿಕೊಟ್ಟರೆ ನಮ್ಮಂಥ ಮನೆಗಳಿಗೆ ತುಂಬ ಅನುಕೂಲ. ಮನೆಯಲ್ಲಿ ಎಲ್ಲ ಮಾಡಬಹುದು, ಒಳ್ಳೆಯ ಸೂಕ್ಷ್ಮದರ್ಶಕ ಮಾತ್ರ ಎಲ್ಲರಿಗೂ ಕೊಳ್ಳೋಕೆ ಆಗುವುದಿಲ್ಲ.

ಕೊನೆಗೆ ನಿಮ್ಮಲ್ಲಿ ಒಂದು ಬೇಡಿಕೆ. ಹೋಮ್‌ಸ್ಕೂಲಿಂಗ್ ಬಗ್ಗೆ ಬರೆಯುವಾಗೆಲ್ಲ ತಂದೆ ತಾಯಿಯರ ಮಾತು ಬರುತ್ತದೆ, ಶಿಕ್ಷಣ ತಜ್ಞರ ಮಾತು ಬರುತ್ತದೆ. ನಾನೂ ಈಗ ಅದನ್ನೇ ಮಾಡಿದೆ. ಹೀಗೆ ಮನೆಯಲ್ಲೇ ಕಲಿತು ಬೆಳೆದು, ಈಗ ದುಡಿಯುತ್ತಿರುವವರು ನಿಮ್ಮ ಓದುಗರಲ್ಲಿ ಖಂಡಿತ ಇರುತ್ತಾರೆ. ಅವರ ಪತ್ರ ಕೇಳಿ ಹಾಕಿ. ಯಾವುದು ಒಳ್ಳೆಯದಾಯಿತು, ಯಾವುದು ಕೈತಪ್ಪಿತು, ಬೀದಿಯ ಮಕ್ಕಳೆಲ್ಲ ಬಸ್ ಹತ್ತಿದಾಗ ಅವರಿಗೆ ಏನನ್ನಿಸುತ್ತಿತ್ತು ಅಂತ ಅವರೇ ಬರೆಯಲಿ. ನನ್ನ ಮಗಳು ಅದನ್ನು ಓದಬೇಕು ಅಂತ ಈಗಾಗಲೇ ಹೇಳಿದ್ದಾಳೆ.

ಇಂತಿ ನಮಸ್ಕಾರಗಳು,
ಮನೆಯಲ್ಲೇ ಕಲಿಸುತ್ತಿರುವ ಒಬ್ಬ ತಾಯಿ